ದಾನಪತ್ರದಲ್ಲಿ 'ಪ್ರೀತಿ ವಿಶ್ವಾಸದಿಂದ' ಅಂತ ಬರೀತಾರಲ್ಲ, ಆ ಮಾತಿಗೆ ಕೋರ್ಟಲ್ಲಿ ಬೆಲೆ ಇದೆಯಾ?

ಹಿತ್ತಲಮನೆ · ಭಾನುವಾರ ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ತೀರ್ಥಹಳ್ಳಿ ಕಡೆ. ಅಪ್ಪ ಹೋಗಿ ಆರು ವರ್ಷ. ಮನೆ ಅಮ್ಮನ ಹೆಸರಲ್ಲೇ ಇದೆ. ಅಮ್ಮನಿಗೆ ಈಗ ಎಪ್ಪತ್ತೊಂದು, ಮನೆಯನ್ನು ಅಣ್ಣನಿಗೆ ದಾನಪತ್ರ ಮಾಡಿಕೊಡ್ತೀನಿ ಅಂತ ಹೊರಟಿದ್ದಾಳೆ. ನನ್ನದೇನೂ ತಕರಾರಿಲ್ಲ. ಕಳೆದ ವಾರ ಕರಡು ಬರೆಸೋಕೆ ನಾನೇ ಕರ್ಕೊಂಡು ಹೋಗಿದ್ದೆ. ಪತ್ರ ಬರೆಯುವವರು ಕೀಬೋರ್ಡ್ ಕೂಡ ನೋಡದೆ ಟಕಟಕ ಹೊಡೀತಾ ಹೋದರು: "ನೀನು ನನ್ನ ಮಗನಾಗಿದ್ದು, ನಿನ್ನ ಮೇಲೆ ನನಗಿರುವ ಪ್ರೀತಿ ವಿಶ್ವಾಸದ ಸಲುವಾಗಿ, ಯಾವುದೇ ಪ್ರತಿಫಲ ಪಡೆಯದೆ, ಸ್ವಸಂತೋಷದಿಂದ..."

ಅಲ್ಲಿಗೆ ಕೈ ನಿಲ್ಲಿಸಿ ಕನ್ನಡಕ ಹಣೆಗೆ ಏರಿಸಿದರು. "ಅಮ್ಮಾ, ಇಷ್ಟೇ ಸಾಕಾ? ನೋಡ್ಕೋಬೇಕು ಅಂತ ಒಂದು ಷರತ್ತು ಹಾಕ್ಲಾ?"

ಅಮ್ಮ ಹೇಳಿದ್ದು, "ಮಗನಿಗೆ ಎಂಥ ಷರತ್ತು ಮಾರಾಯ್ರೆ? ಅವನೇನು ಬಾಡಿಗೆಗೆ ಇರೋನಾ?"

ಅವರು ನಗಲಿಲ್ಲ. ಫೈಲು ಸೇವ್ ಮಾಡಿಟ್ಟು, ಒಂದು ವಾರ ಬಿಟ್ಟು ಬನ್ನಿ ಅಂದರು. ಅವತ್ತಿಂದ ನನಗೆ ಅದೇ ತಲೆಯಲ್ಲಿ ಕೊರೀತಿದೆ. 'ಪ್ರೀತಿ ವಿಶ್ವಾಸ' ಅಂದಮೇಲೆ ನೋಡ್ಕೊಳ್ಳೋದು ಅದರಲ್ಲೇ ಬರಲ್ವಾ? ಬೇರೆ ಬರೀಬೇಕಾ? ತಿಳಿದವರು ಹೇಳಿ.

ಬೆಣ್ಣೆದೋಸೆ · 9:52

ನಿಜ ಹೇಳಿ, ನಿಮಗೆ ಪಾಲು ಬೇಕು ತಾನೆ? 😀

ಹಿತ್ತಲಮನೆ · 9:55

ಈ ಪ್ರಶ್ನೆ ಬರುತ್ತೆ ಅಂತ ಗೊತ್ತಿತ್ತು, ಹದಿನೈದು ನಿಮಿಷ ಆದ್ರೂ ತಡೀತೀರಿ ಅಂದ್ಕೊಂಡಿದ್ದೆ.

ಹಳೇಛಾಪಾಕಾಗದ · 10:30

ನಾನು ಹಾಸನದ ಕಡೆ ಮೂವತ್ತು ವರ್ಷದ ಮೇಲಾಯ್ತು ಪತ್ರ ಬರೀತಾ ಇದ್ದೀನಿ. ಮೊದಲು ಛಾಪಾಕಾಗದ, ಮಸಿ ಪೆನ್ನು. ಈಗ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶ, ಸರ್ವರ್ ಡೌನ್.

ತಾಯಿ, ಆ ಸಾಲನ್ನು ಮನೇಲಿ ಪ್ರೀತಿ ಇದೆ ಅಂತ ಬರೆಯೋದಲ್ಲ. ದುಡ್ಡು ಕೈ ಬದಲಾಗಿಲ್ಲ ಅಂತ ಬರೆಯೋದು. ಕ್ರಯಪತ್ರದಲ್ಲಿ ಹಣದ ಮೊತ್ತ ಕೂರುವ ಜಾಗದಲ್ಲಿ ದಾನಪತ್ರದಲ್ಲಿ ಪ್ರೀತಿ ಕೂರುತ್ತೆ, ಅಷ್ಟೇ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲಿ ದಾನ ಅಂದರೆ ಪ್ರತಿಫಲ ಇಲ್ಲದೆ, ಸ್ವ ಇಚ್ಛೆಯಿಂದ ಕೊಡೋದು, ಇನ್ನೊಬ್ಬರು ಅದನ್ನು ಒಪ್ಪಿಕೊಳ್ಳೋದು. ಪ್ರೀತಿ ಅನ್ನೋ ಪದ ಆ ವ್ಯಾಖ್ಯೆಯಲ್ಲಿ ಇಲ್ಲವೇ ಇಲ್ಲ. ನಮ್ಮ ಗುರುಗಳು ಹಾಕ್ತಿದ್ರು, ನಾವೂ ಹಾಕ್ತೀವಿ. 'ಪುತ್ರ ಪೌತ್ರ ಪಾರಂಪರ್ಯವಾಗಿ ಆಚಂದ್ರಾರ್ಕವಾಗಿ' ಅಂತಲೂ ಹಾಕ್ತೀವಿ. ಸೂರ್ಯ ಚಂದ್ರ ಇರೋವರೆಗೂ ಅಂತ. ಮೂರನೇ ವರ್ಷಕ್ಕೆ ಅದೇ ಮಗ ಮಾರೋಕೆ ಬರ್ತಾನೆ.

ಇನ್ನೊಂದು ಮಾತು. ಮನೆಯೊಳಗಿನವರಿಗೆ ದಾನ ಕೊಟ್ಟರೆ ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ಆಸ್ತಿಯ ಬೆಲೆ ಮೇಲಲ್ಲ, ಕೆಲವೇ ಸಾವಿರ. ಹಾಗಾಗಿ ಎಷ್ಟೋ ವ್ಯಾಪಾರಗಳು ಪ್ರೀತಿಯ ವೇಷ ಹಾಕ್ಕೊಂಡು ನಮ್ಮ ಮೇಜಿಗೆ ಬರ್ತವೆ. ಅಣ್ಣ ತಮ್ಮ ಹೊರಗೆ ಜೀಪಲ್ಲಿ ಹಣ ಎಣಿಸಿ, ಒಳಗೆ ಬಂದು 'ಪ್ರೀತಿ ವಿಶ್ವಾಸ' ಅಂತಾರೆ. ನಾವೇನು ಕೇಳೋಕಾಗುತ್ತಾ?

ನಿಮ್ಮ ಊರಿನವರು ಷರತ್ತು ಹಾಕ್ಲಾ ಅಂತ ಕೇಳಿದ್ರಲ್ಲ, ಒಳ್ಳೇ ಮನುಷ್ಯ. ಎಲ್ಲರೂ ಕೇಳಲ್ಲ.

ಕರಿಕೋಟು · 11:15

ವಕಾಲತ್ತು ಮಾಡ್ತೀನಿ, ಮೈಸೂರಿನಲ್ಲಿ. ಮೇಲಿನವರು ಹೇಳಿದ್ದು ಸರಿ, ಒಂದು ತಿದ್ದುಪಡಿ ಬಿಟ್ಟು. ಪ್ರೀತಿ ಅನ್ನೋ ಪದ ಕಾನೂನಿನಲ್ಲಿ ಇಲ್ಲ ಅಂತಲ್ಲ. 1872ರ ಕರಾರು ಕಾಯ್ದೆಯ 25ನೇ ಸೆಕ್ಷನ್ ತೆಗೆದು ನೋಡಿ. ಪ್ರತಿಫಲ ಇಲ್ಲದ ಕರಾರು ಅನೂರ್ಜಿತ, ಆದರೆ ಹತ್ತಿರದ ಸಂಬಂಧಿಗಳು 'ಸಹಜವಾದ ಪ್ರೀತಿ ವಾತ್ಸಲ್ಯ'ದಿಂದ ಬರೆದು, ನೋಂದಣಿ ಮಾಡಿಸಿದ್ದರೆ ಊರ್ಜಿತ. ಅಂದರೆ ಬ್ರಿಟಿಷರ ಕಾಲದಲ್ಲೇ ಪ್ರೀತಿಗೆ ರಿಜಿಸ್ಟ್ರೇಷನ್ ಕಡ್ಡಾಯ ಆಯ್ತು!

ಇದರ ಮೇಲೆ ಎರಡು ಹಳೇ ಕೇಸು, ಕಾಲೇಜಲ್ಲಿ ಎಲ್ಲರೂ ಓದಿರ್ತೀವಿ. 1900ರಲ್ಲಿ ಕಲ್ಕತ್ತಾ ಹೈಕೋರ್ಟಿನದು. ಗಂಡ ಹೆಂಡತಿಗೆ ಹೊಂದಾಣಿಕೆ ಇಲ್ಲ. ಬೇರೆ ಇರು, ಖರ್ಚಿಗೆ ಇಷ್ಟು ಕೊಡ್ತೀನಿ ಅಂತ ಗಂಡ ಬರೆದುಕೊಟ್ಟು ನೋಂದಣಿಯೂ ಮಾಡಿಸಿದ. ಪತ್ರದಲ್ಲೇ ಇಬ್ಬರ ಜಗಳದ ಮಾತು ಬಂದಿತ್ತು. ಮುಂದೆ ಕೊಡೋದು ನಿಲ್ಲಿಸಿದ. ಹೆಂಡತಿ ಕೋರ್ಟಿಗೆ ಹೋದಳು. ಜಗಳ ಅಂತ ಪತ್ರವೇ ಹೇಳುವಾಗ ಇಲ್ಲಿ ಪ್ರೀತಿ ಎಲ್ಲಿಂದ ಬಂತು ಅಂತ ಕೋರ್ಟು ಅವಳ ಕೇಸು ತಳ್ಳಿಹಾಕಿತು. ಗಂಡ ಹೆಂಡತಿ ಅನ್ನೋ ಸಂಬಂಧ ಇದ್ದಮಾತ್ರಕ್ಕೆ ಪ್ರೀತಿ ಇದೆ ಅಂತ ಊಹಿಸೋಕೆ ಆಗಲ್ಲ ಅನ್ನೋದು ಅದರ ಸಾರ. ಅದರ ಹಿಂದಿನ ವರ್ಷ ಬಾಂಬೆ ಹೈಕೋರ್ಟಿನ ಮುಂದೆ ಅಣ್ಣ ತಮ್ಮಂದಿರು. ಆಸ್ತಿ ಪಾಲಿನ ದಾವೆ ಸೋತ ಸಹೋದರನಿಗೆ, ಗೆದ್ದವನು ಆಮೇಲೆ ತಾನಾಗಿ ಅರ್ಧ ಬರೆದುಕೊಟ್ಟಿದ್ದ. ಅಲ್ಲಿ ಕೋರ್ಟು, ಒಡಹುಟ್ಟಿದವನ ಜೊತೆ ರಾಜಿಯಾಗಬೇಕು ಅನ್ನೋ ಆಸೆಯೇ ಪ್ರೀತಿ ಅಂತು. ಎರಡು ಕಡೆಯೂ ಜಗಳ ಇತ್ತು. ಒಬ್ಬಳು ಸತ್ಯ ಬರೆಸಿ ಸೋತಳು.

ಈಗ ನಿಮ್ಮ ಪ್ರಶ್ನೆ. 2007ರ ಹಿರಿಯ ನಾಗರಿಕರ ಕಾಯ್ದೆ, ಸೆಕ್ಷನ್ 23. ಅರವತ್ತು ದಾಟಿದವರು ಮೂಲಭೂತ ಸೌಕರ್ಯ ಮತ್ತು ಅಗತ್ಯ ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು, ಪಡೆದವರು ನೋಡಿಕೊಳ್ಳದೆ ಹೋದರೆ, ಆ ವರ್ಗಾವಣೆ ಮೋಸದಿಂದಲೋ ಬಲವಂತದಿಂದಲೋ ಆದದ್ದು ಅಂತ ಪರಿಗಣಿಸಿ ರದ್ದು ಮಾಡಬಹುದು. ನಮ್ಮಲ್ಲಿ ಇದನ್ನು ವಿಚಾರಿಸೋದು ಉಪವಿಭಾಗಾಧಿಕಾರಿ, ಜನರ ಬಾಯಲ್ಲಿ ಎಸಿ ಕೋರ್ಟು. ಮೇಲ್ಮನವಿ ಡಿಸಿ ಹತ್ತಿರ.

ಷರತ್ತು ಅನ್ನೋ ಪದದಲ್ಲೇ ಎಲ್ಲ ಗುದ್ದಾಟ. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು: ಹಿರಿಯರು ತಮ್ಮವರಿಗೆ ಆಸ್ತಿ ಕೊಡುವಾಗ ಎಷ್ಟೋ ಸಲ ಬರೀ ಪ್ರೀತಿಯಿಂದ, ಏನೂ ನಿರೀಕ್ಷೆ ಇಲ್ಲದೆ ಕೊಡ್ತಾರೆ. ಹಾಗಾಗಿ ಷರತ್ತು ಇತ್ತು ಅಂತ ಹೇಳೋರು ಅದನ್ನು ತೋರಿಸಬೇಕು. 2025ರ ಮಾರ್ಚಿನಲ್ಲಿ ಮದ್ರಾಸ್ ಹೈಕೋರ್ಟು, ನಾಗಪಟ್ಟಿಣಂ ಕಡೆಯ 87 ವರ್ಷದ ತಾಯಿಯ ಪ್ರಕರಣದಲ್ಲಿ, ಅದೇ ಪದವನ್ನು ತಿರುಗಿಸಿ ಓದಿತು. ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ ಅಂದರೆ ನೋಡಿಕೊಳ್ಳುತ್ತಾರೆ ಅನ್ನೋ ಷರತ್ತು ಅದರೊಳಗೇ ಇದೆ ಅಂತ.

ಒಂದೇ ಎರಡು ಪದ. ಒಬ್ಬರ ಓದಿನಲ್ಲಿ ಅಮ್ಮ ಏನೂ ಬೇಡ ಅಂದಳು, ಇನ್ನೊಬ್ಬರ ಓದಿನಲ್ಲಿ ಎಲ್ಲ ಬೇಕು ಅಂದಳು.

ಹಿತ್ತಲಮನೆ · 11:31

ನಡುವೆ 2025ರ ಜನವರೀಲೂ ಏನೋ ಬಂದಿತ್ತಲ್ಲ, ಪೇಪರಲ್ಲಿ ಓದಿದ ನೆನಪು?

ಕರಿಕೋಟು · 11:44

ಹೌದು, ಸುಪ್ರೀಂ ಕೋರ್ಟಿನದೇ. ಮಧ್ಯಪ್ರದೇಶದ ಛತರ್‌ಪುರದ ತಾಯಿ. ದಾನಪತ್ರದ ಜೊತೆಗೆ ಮಗ ಬೇರೊಂದು 'ವಚನಪತ್ರ' ಬರೆದುಕೊಟ್ಟಿದ್ದ ಅಂತ ಅವರ ವಾದ. ಸಾಯೋವರೆಗೂ ನೋಡ್ಕೋತೀನಿ, ನೋಡ್ಕೊಳ್ಳದಿದ್ದರೆ ಅಮ್ಮ ದಾನ ವಾಪಸ್ ತಗೋಬಹುದು ಅಂತ. ಹೈಕೋರ್ಟಿನ ವಿಭಾಗೀಯ ಪೀಠ ದಾನಪತ್ರದೊಳಗೆ ಷರತ್ತಿಲ್ಲ ಅಂತ ಮಗನ ಪರ ಹೇಳಿತ್ತು. ಸುಪ್ರೀಂ ಕೋರ್ಟು ಅದನ್ನು ಬದಿಗಿಟ್ಟು, ಇದು ಹಿರಿಯರಿಗೆ ಅನುಕೂಲ ಆಗಲಿ ಅಂತ ಮಾಡಿದ ಕಾಯ್ದೆ, ಉದಾರವಾಗಿ ಓದಬೇಕು ಅಂತ ಹೇಳಿ ಆಸ್ತಿಯನ್ನು ತಾಯಿಗೆ ವಾಪಸ್ ಕೊಡಿಸಿತು. ಆದರೂ ಗಮನಿಸಿ, ಅಲ್ಲಿ ಇನ್ನೊಂದು ಕಾಗದ ಇತ್ತು. ಏನೂ ಕಾಗದ ಇಲ್ಲದೆ ಬಂದ ತಾಯಂದಿರಿಗೆ ನಾನು ಈಗಲೂ ಧೈರ್ಯ ಕೊಡಲ್ಲ.

ಶಾನುಭೋಗರ_ಮೊಮ್ಮಗ · ಮಧ್ಯಾಹ್ನ 12:20

ಎಲ್ಲರೂ ಮಗನನ್ನು ಕಟಕಟೆಯಲ್ಲಿ ನಿಲ್ಲಿಸಿಯೇ ಮಾತಾಡ್ತಿದ್ದೀರಿ. ಒಬ್ಬ ಮಗನಾಗಿ ಕೇಳ್ತೀನಿ.

'ಮೋಸದಿಂದ ಆದದ್ದು ಅಂತ ಪರಿಗಣಿಸಿ' ಅಂದರಲ್ಲ ವಕೀಲರು, ಅದು ನನಗೆ ಚುಚ್ಚುತ್ತೆ. 2012ರಲ್ಲಿ ಅಪ್ಪ ಖುಷಿಯಿಂದ ಕೊಟ್ಟ ಅಂತಿಟ್ಕೊಳ್ಳಿ. ಹತ್ತು ವರ್ಷ ನಾನು ಚೆನ್ನಾಗಿ ನೋಡಿಕೊಂಡೆ. ಆಮೇಲೆ ಯಾವುದೋ ಮಾತಿಗೆ ಮಾತು ಬೆಳೆದು ಮನಸ್ಸು ಮುರೀತು. ನನ್ನ ತಪ್ಪೇ ಅಂತ ಒಪ್ಕೋತೀನಿ. ಹತ್ತು ವರ್ಷ ಆದಮೇಲೆ ಮಾಡಿದ ತಪ್ಪಿಗೆ ಕಾನೂನು ಹಿಂದಕ್ಕೆ ಹೋಗಿ 2012ರ ಆ ದಿನ, ಅಪ್ಪ ಸಹಿ ಹಾಕಿ ನನ್ನ ಬೆನ್ನು ತಟ್ಟಿದ ದಿನ, ಅದೂ ಮೋಸ ಅಂತ ಬರೆಯುತ್ತೆ. ಈಗ ಪ್ರೀತಿ ಇಲ್ಲ ಅಂದರೆ ಆಗಲೂ ಇರಲಿಲ್ಲ ಅಂತ ಅರ್ಥನಾ?

ಕರಿಕೋಟು · 12:41

ನ್ಯಾಯವಾದ ಪ್ರಶ್ನೆ. ಕಾನೂನಿನ ಉತ್ತರ ಒಣಕಲು. ನೋಂದಾಯಿತ ದಾನ ಒಂದು ಸಲ ಆದಮೇಲೆ ಸುಮ್ಮನೆ ವಾಪಸ್ ತಗೊಳ್ಳೋಕೆ ಬರಲ್ಲ. ರದ್ದಾಗಬೇಕಾದರೆ ಮೋಸ, ಬಲವಂತ, ಹೀಗೆ ಮೊದಲಿಂದ ಇರೋ ಬಾಗಿಲುಗಳು ಬೇಕು. ಹೊಸ ಬಾಗಿಲು ಕೊರೆಯೋ ಬದಲು 2007ರಲ್ಲಿ ಸಂಸತ್ತು ನಿಮ್ಮನ್ನು ಹಳೇ ಬಾಗಿಲಲ್ಲೇ ನೂಕಿತು. ನಿಮ್ಮ ಅಪ್ಪ ಬೆನ್ನು ತಟ್ಟಿದ್ದು ಕಡತದಲ್ಲಿ ಇರಲ್ಲ ಸರ್.

ಮ್ಯೂನಿಕ್_ಮೈಸೂರು · 1:05

ಇದೇ ಜಾಗದಲ್ಲಿ ಜರ್ಮನಿಯವರು ಹೊಸ ಬಾಗಿಲು ಇಟ್ಟಿದ್ದಾರೆ. ಇಲ್ಲಿನ ನಾಗರಿಕ ಸಂಹಿತೆಯ 530ನೇ ಕಲಮಿನಲ್ಲಿ, ದಾನ ಪಡೆದವನು ಕೊಟ್ಟವರ ಅಥವಾ ಅವರ ಹತ್ತಿರದ ಬಂಧುಗಳ ವಿಷಯದಲ್ಲಿ 'ಘೋರ ಕೃತಘ್ನತೆ' ತೋರಿಸಿದರೆ ದಾನವನ್ನು ಹಿಂಪಡೆಯಬಹುದು. ಮೋಸ ಗೀಸ ಅಂತ ಸುತ್ತುಬಳಸು ಇಲ್ಲ, ನೇರವಾಗಿ ಕೃತಘ್ನತೆ ಅಂತಲೇ ಇದೆ. ಮೊದಲ ಸಲ ಓದಿದಾಗ ನಮ್ಮಜ್ಜಿ ಬಾಯಿಂದ ಬಿದ್ದ ಮಾತು ಅನಿಸ್ತು.

ಇನ್ನೊಂದು ಕಡೆ, ತಂದೆ ತಾಯಿಯ ಆರೈಕೆ ಖರ್ಚಿಗೆ ಸರ್ಕಾರ ಮಕ್ಕಳ ಹಿಂದೆ ಬೀಳೋದು 2020ರಿಂದ ಮಕ್ಕಳ ವಾರ್ಷಿಕ ಆದಾಯ ಒಂದು ಲಕ್ಷ ಯೂರೋ ದಾಟಿದ್ದರೆ ಮಾತ್ರ. ನಾನು ದಾಟಿಲ್ಲ 🙂 ಆದರೆ ನನ್ನ ಅಮ್ಮ ಇರೋದು ಮೈಸೂರಿನ ಸರಸ್ವತಿಪುರಂನಲ್ಲಿ, ಇಲ್ಲಲ್ಲ. ಅವಳ ಲೆಕ್ಕಕ್ಕೆ ನಾನು ನಮ್ಮ 2007ರ ಕಾಯ್ದೆಯವನೇ. ಅದರಲ್ಲಿ ಪೋಷಣೆ ಅಂದರೆ ಅನ್ನ, ಬಟ್ಟೆ, ಸೂರು, ಔಷಧೋಪಚಾರ. ದಿನಾ ವಿಡಿಯೋ ಕಾಲ್ ಮಾಡೋದು ಅದರಲ್ಲಿ ಬರಲ್ಲ, ಮಾಡದೆ ಇರೋದೂ ಅಪರಾಧ ಅಲ್ಲ. ದುಡ್ಡು ಕಳಿಸಿದರೆ ಕಾನೂನಿನ ಪ್ರಕಾರ ನಾನು ಒಳ್ಳೇ ಮಗ. ಅಮ್ಮನ ಪ್ರಕಾರ ಬೇರೆ ಕಥೆ.

ಕೆರೆಕೋಡಿ · 1:40

ಮಂಡ್ಯ ಕಡೆಯೋಳು. ನೀವೆಲ್ಲ ಕೊಡೋ ಪತ್ರದ ಮಾತೇ ಆಡ್ತಾ ಇದ್ದೀರ, ಬಿಡೋ ಪತ್ರದ ಸುದ್ದಿ ಯಾರೂ ಎತ್ತಲಿಲ್ಲ.

ಅಪ್ಪ ತೀರಿಕೊಂಡ ಮೂರನೇ ತಿಂಗಳಿಗೆ ನಾವು ಮೂವರು ಅಕ್ಕತಂಗೀರು ಹಕ್ಕು ಬಿಡುಗಡೆ ಪತ್ರಕ್ಕೆ ಸೈನು ಹಾಕಿದ್ವಿ. ಅದರಲ್ಲೂ ಇದೇ ಸಾಲು. 'ನಮ್ಮ ಸಹೋದರನ ಮೇಲಿನ ಪ್ರೀತಿ ವಿಶ್ವಾಸದಿಂದ ನಮ್ಮ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇವೆ.' ಅರಿಶಿನ ಕುಂಕುಮಕ್ಕೆ ಅಂತ ಐದೈದು ಸಾವಿರ, ಒಂದೊಂದು ಸೀರೆ. ಫೋಟೋ ತೆಗೆಯೋ ಹುಡುಗ ಕ್ಯಾಮೆರಾ ನೋಡಿ ಅಮ್ಮಾ ಅಂದ, ನೋಡಿದೆ, ಹೆಬ್ಬೆಟ್ಟು ಇಡಿ ಅಂದ, ಇಟ್ಟೆ. ನಮ್ಮ ಪ್ರೀತಿ ಎಷ್ಟು ಅಂತ ಯಾರೂ ಕೇಳಲಿಲ್ಲ. ಹಾಕದಿದ್ದರೆ ತವರು ಬಾಗಿಲು ಮುಚ್ತದೆ ಅನ್ನೋದು ಎಲ್ಲರಿಗೂ ಗೊತ್ತಿತ್ತು, ಅದನ್ನೂ ಯಾರೂ ಬರೀಲಿಲ್ಲ.

ಪಿತ್ರಾರ್ಜಿತ ಆಸ್ತೀಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟಿದ್ದೀವಿ ಅಂತ ನಮ್ಮ ರಾಜ್ಯ 1994ರಲ್ಲೇ ಕಾನೂನು ತಂತು. ಅದಕ್ಕೂ ಮುಂಚೆ ಮದುವೆ ಆದವರಿಗೆ ಇಲ್ಲ ಅಂತ ಒಂದು ಗೆರೆ ಎಳೀತು. 2005ರಲ್ಲಿ ದೆಹಲಿ ಆ ಗೆರೆ ಅಳಿಸ್ತು, 2020ರಲ್ಲಿ ಸುಪ್ರೀಂ ಕೋರ್ಟು ಮಗಳಿಗೆ ಹುಟ್ಟಿನಿಂದಲೇ ಹಕ್ಕು ಅಂತು. ಹಕ್ಕು ಗಟ್ಟಿಯಾದಷ್ಟೂ ಅದನ್ನು ಬಿಡಿಸೋ ಪ್ರೀತಿಯೂ ಗಟ್ಟಿಯಾಯ್ತು ನೋಡಿ. ಮೊದಲು ನಮ್ಮ ಸೈನು ಯಾರಿಗೂ ಬೇಕಾಗಿರಲಿಲ್ಲ.

ಅಣ್ಣ ಕೆಟ್ಟೋನಲ್ಲ. ಹಬ್ಬಕ್ಕೆ ಕರೀತಾನೆ.

ಬೆಣ್ಣೆದೋಸೆ · 1:48

ಬೆಳಿಗ್ಗೆ ಹಾಕಿದ ಕಾಮೆಂಟಿಗೆ ಕ್ಷಮೆ ಇರಲಿ.

ಹುಬ್ಳಿ_ಮಂದಿ · 3:10

ನಾ ಹುಬ್ಬಳ್ಳ್ಯಾಗ ಒಬ್ಬ ವಕೀಲರ ಹತ್ರ ಗುಮಾಸ್ತ ಅದೀನ್ರಿ, ಹದಿನಾಕು ವರ್ಷ ಆತು. ಆಕ್ಸಿಡೆಂಟ್ ಕ್ಲೇಮ್ ಕೇಸ್ ಭಾಳ. ಪ್ರೀತಿಗೆ ಕೋರ್ಟ್‌ನ್ಯಾಗ ಬೆಲಿ ಐತೇನು ಅಂತ ಕೇಳೀರಿ. ಐತ್ರಿ. ನಲವತ್ತು ಸಾವಿರ ರೂಪಾಯಿ.

ಚೇಷ್ಟಿ ಅಲ್ಲ. 2017ರಾಗ ಸುಪ್ರೀಂ ಕೋರ್ಟಿನ ಐದು ಮಂದಿ ನ್ಯಾಯಮೂರ್ತಿಗಳು ಕೂತು ರೇಟ್ ಹಾಕ್ಯಾರ. ಅಪಘಾತದಾಗ ಗಂಡನೋ ಹೆಂಡತಿನೋ ಸತ್ರ, ಗಳಿಕಿ ಲೆಕ್ಕದ ಮ್ಯಾಲ ಸಾಂಗತ್ಯ ನಷ್ಟ ಅಂತ 40,000. ಮಣ್ಣು ಮಾಡೋ ಖರ್ಚಿಗೆ 15,000, ಎಸ್ಟೇಟ್ ನಷ್ಟ ಅಂತ 15,000. ಮೂರು ವರ್ಷಕ್ಕೊಮ್ಮೆ ಶೇಕಡಾ 10 ಏರಸ್ರಿ ಅಂದ್ರು. ಅದು 44,000 ಆತು, ಆಮ್ಯಾಲ 48,400 ಆತು. ತುಟ್ಟಿಭತ್ಯೆ ಇದ್ದಂಗ. 2018ರಾಗ ಮಕ್ಕಳಿಗೂ ಕೊಡ್ರಿ, ಮಗನ್ನ ಕಳಕೊಂಡ ತಾಯಿ ತಂದಿಗೂ ಕೊಡ್ರಿ ಅಂತ ಇನ್ನೊಂದು ತೀರ್ಪು ಬಂತು.

ಮೊದ್ಲ ನಾವು ಕ್ಲೇಮ್ ಅರ್ಜ್ಯಾಗ ಎರಡು ಸಾಲು ಹಾಕ್ತಿದ್ವಿ. 'ಸಾಂಗತ್ಯ ನಷ್ಟ' ಒಂದು, 'ಪ್ರೀತಿ ವಾತ್ಸಲ್ಯದ ನಷ್ಟ' ಒಂದು. 2020ರಾಗ ಸುಪ್ರೀಂ ಕೋರ್ಟು, ಪ್ರೀತಿ ವಾತ್ಸಲ್ಯ ಅನ್ನೂದು ಸಾಂಗತ್ಯದಾಗ ಬಂದ ಹೋತು, ಅದಕ್ಕ ಬ್ಯಾರೆ ರೊಕ್ಕ ಇಲ್ಲ ಅಂತು. ನಮ್ಮ ಸಾಹೇಬ್ರು ನನಗ ಅಂದ್ರು, "ಟೆಂಪ್ಲೇಟ್‌ನ್ಯಾಗಿಂದ ಪ್ರೀತಿ ತಗದ್ಹಾಕಪಾ." ನಾನಽ ಡಿಲೀಟ್ ಹೊಡದೆ.

ಒಂದು ಕೇಸ್ ನೆನಪೈತಿ. ಗಂಡ ಹೆಂಡತಿ ಒಬ್ಬರ ಮಾರಿ ಒಬ್ಬರು ನೋಡದ ಎಂಟು ವರ್ಷ ಆಗಿತ್ತು, ಡೈವೋರ್ಸ್ ಆಗಿರ್ಲಿಲ್ಲ. ಅಂವ ಟ್ರ್ಯಾಕ್ಟರ್ ಬಡದು ಸತ್ತ. ಆಕಿಗೂ ನಲವತ್ತು ಸಾವಿರ ಬಂತು. ಪ್ರೀತಿ ಇತ್ತೇನು ಅಂತ ಯಾರೂ ಕೇಳ್ಲಿಲ್ಲ, ರೇಷನ್ ಕಾರ್ಡ್ ಕೇಳಿದ್ರು. ಚೆಕ್ ತಗೊಂಡು ಆಫೀಸ್ ಕಟ್ಟಿ ಮ್ಯಾಲೆ ಕೂತು ಆಕಿ ಒಂದು ತಾಸು ಅತ್ಲು. ಯಾಕ ಅಂತ ನನಗ ಇವತ್ತಿಗೂ ತಿಳಿದಿಲ್ಲ.

ಹಳೇಛಾಪಾಕಾಗದ · 3:25

'ಟೆಂಪ್ಲೇಟಿಂದ ಪ್ರೀತಿ ತೆಗೆದುಹಾಕಪ್ಪ.' ಇವತ್ತು ನಿದ್ದೆ ಬರಲ್ಲ ನನಗೆ.

ಶಾನುಭೋಗರ_ಮೊಮ್ಮಗ · 3:50

ಹಾಗಾದರೆ ಒಂದು ಕಡೆ ಪ್ರೀತಿಯನ್ನು ಸಾಬೀತು ಮಾಡು ಅಂತಾರೆ, ಇನ್ನೊಂದು ಕಡೆ ಕೇಳದೇ ಕೊಡ್ತಾರೆ. ವಿಲ್ ಬರೆಯದೆ ಸತ್ತರೆ ಇನ್ನೂ ವಿಚಿತ್ರ. ಇಪ್ಪತ್ತು ವರ್ಷ ಮುಖ ತೋರಿಸದ ಮಗನಿಗೂ, ಮಲಮೂತ್ರ ಬಳಿದ ಮಗಳಿಗೂ ಸಮ ಪಾಲು. ಅಲ್ಲಿ ಪ್ರೀತಿಯ ಲೆಕ್ಕವೇ ಇಲ್ಲ ಅಲ್ವಾ ಮೇಡಂ?

ಕರಿಕೋಟು · 4:12

ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ನಡತೆಗಾಗಿ ಪಾಲು ತಪ್ಪೋದು ಕೊಲೆ ಮಾಡಿದವನಿಗೆ, ಅದಕ್ಕೆ ನೆರವಾದವನಿಗೆ. ಕೊಲೆಗಿಂತ ಕಡಿಮೆ ಏನು ಮಾಡಿದರೂ ನಡೆಯುತ್ತೆ. ಇನ್ನೊಂದು ತಮಾಷೆ ಕೇಳಿ. ಮಗ ಸತ್ತರೆ ಅವನ ಆಸ್ತಿಯಲ್ಲಿ ತಾಯಿ ಮೊದಲ ದರ್ಜೆಯ ವಾರಸುದಾರಳು, ಹೆಂಡತಿ ಮಕ್ಕಳ ಸಾಲಲ್ಲೇ ಕೂರ್ತಾಳೆ. ತಂದೆ ಎರಡನೇ ದರ್ಜೆ. ಕಾನೂನು ಬರೆದವರ ಮನಸ್ಸಲ್ಲಿ ಅಮ್ಮ ಎಲ್ಲಿದ್ದಳು, ಅಪ್ಪ ಎಲ್ಲಿದ್ದ ಅಂತ ಅದರಲ್ಲೇ ಕಾಣುತ್ತೆ.

ಕೇಸ್‌ವರ್ಕರ್_ನಿವೃತ್ತ · 5:30

ಎಸಿ ಕಚೇರಿಯೊಂದರಲ್ಲಿ ಆರು ವರ್ಷ ಇದೇ ಕಡತಗಳನ್ನು ನೋಡಿದವನು. ಯಾವ ಊರು ಅಂತ ಬೇಡ.

ಹಿರಿಯರು ಅರ್ಜಿ ಕೊಡೋದಕ್ಕೆ ವಕೀಲರು ಬೇಕಾಗಿಲ್ಲ, ಬಿಳಿ ಹಾಳೆ ಸಾಕು. ಕೈಲಾಗದವರಿಗೆ 14567 ಸಹಾಯವಾಣಿ ಇದೆ. ಮಕ್ಕಳಿಂದ ಕೊಡಿಸೋ ಜೀವನಾಂಶ ತಿಂಗಳಿಗೆ ಹೆಚ್ಚೆಂದರೆ ಹತ್ತು ಸಾವಿರ, ಅದು ಕಾಯ್ದೆಯೇ ಹಾಕಿದ ಮಿತಿ. ಅದನ್ನು ತೆಗೀತೀವಿ, ಸೊಸೆ ಅಳಿಯಂದಿರನ್ನೂ ಸೇರಿಸ್ತೀವಿ ಅಂತ 2019ರಲ್ಲಿ ಲೋಕಸಭೆಗೆ ಮಸೂದೆ ಬಂತು, ಪಾಸಾಗಲಿಲ್ಲ. ತೊಂಬತ್ತು ದಿನದಲ್ಲಿ ಮುಗೀಬೇಕು ಅಂತ ಇದೆ. ಚುನಾವಣೆ, ಪ್ರವಾಹ, ಮಂತ್ರಿಗಳ ಪ್ರವಾಸ ಅಂತ ಎಸಿಗಳಿಗೆ ನೂರು ಕೆಲಸ. ಮುಗಿಯಲ್ಲ.

ನಾನು ಹೇಳಬೇಕಾದ್ದು ಬೇರೆ. ಒಬ್ಬ ತಾಯಿ, ಒಬ್ಬ ಮಗ. ವಿಚಾರಣೆಗೆ ಇಬ್ಬರೂ ಒಂದೇ ಸ್ಕೂಟರಲ್ಲಿ ಬರ್ತಿದ್ರು. ಅವಳಿಗೆ ಬಸ್ಸು ಹತ್ತೋಕೆ ಆಗಲ್ಲ, ಬೇರೆ ಗತಿ ಇಲ್ಲ. ಒಳಗೆ ಬಂದು ಎದುರುಬದುರು ನಿಲ್ಲೋರು. ಮಗ ಊಟ ಹಾಕಲ್ಲ ಅಂತ ಅವಳ ದೂರು. ಸಾಹೇಬರು ತಿಂಗಳಿಗೆ 4,000 ಆದೇಶ ಮಾಡಿದರು. ಮಗ ತಪ್ಪದೆ ಹಾಕ್ತಿದ್ದ, ಬ್ಯಾಂಕಿಗೆ. ಒಂದು ದಿನ ಆಕೆ ಪಾಸ್‌ಬುಕ್ ಹಿಡ್ಕೊಂಡು ನನ್ನ ಮೇಜಿಗೆ ಬಂದರು. ದುಡ್ಡು ಬಂದಿಲ್ವಾ ಅಂದೆ. ಬಂದಿದೆ ಅಂದರು. ಪ್ರತಿ ತಿಂಗಳ ಸಾಲಿನ ಮುಂದೆ ಮಗ ಟಿಪ್ಪಣಿ ಹಾಕಿದ್ದ, 'ಕೋರ್ಟ್ ಆರ್ಡರ್' ಅಂತ. ಯಾರದೋ ಕೈಲಿ ಓದಿಸಿಕೊಂಡಿದ್ದರು. "ಇದನ್ನ ತೆಗೆಸೋಕಾಗತ್ತಾ ಸಾಮಿ? 'ಅಮ್ಮನಿಗೆ' ಅಂತ ಹಾಕಲಿ ಸಾಕು" ಅಂದರು.

ಅದಕ್ಕೆ ಯಾವ ಸೆಕ್ಷನ್ ಇದೆ ಅಂತ ಹುಡುಕಲಿ? ಮಗನಿಗೆ ಫೋನು ಮಾಡಿದೆ. ಬ್ಯಾಂಕ್ ಆಪಲ್ಲಿ ಅದು ಆಟೋಮ್ಯಾಟಿಕ್ ಸೆಟ್ ಆಗಿದೆ, ಬದಲಾಯಿಸೋಕೆ ಗೊತ್ತಿಲ್ಲ ಅಂದ. ನಿಜವೋ ಸುಳ್ಳೋ.

ಸೊಸೆ_ನಾನೇ · 6:15

ಸೊಸೆಯಂದಿರ ಪರ ಒಂದು ಮಾತು, ಇಷ್ಟು ಹೊತ್ತು ಕಾದೆ. ಅತ್ತೆ ಮಾವನ ಹೊಟ್ಟೆ ಬಟ್ಟೆ ನೋಡೋದು ಯಾರು? ಮಗ ಅಂತ ಕಾಯ್ದೆ ಹೇಳುತ್ತೆ, ಗಂಜಿ ಕಾಯಿಸೋದು ಸೊಸೆ. ಕಾಯ್ದೆಯ 'ಮಕ್ಕಳು' ಅನ್ನೋ ವ್ಯಾಖ್ಯೆಯಲ್ಲಿ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ನಾವಿಲ್ಲ. ಒಳ್ಳೇದೇ ಅನ್ನಿ.

ಆದರೆ ಇದೇ ಕಾಯ್ದೆ ಹಿಡಿದು ಸೊಸೆಯನ್ನು ಮನೆಯಿಂದ ಹೊರಗೆ ಹಾಕೋದೂ ನಡೆದಿದೆ. ಬೆಂಗಳೂರಿನದೇ ಒಂದು ಪ್ರಕರಣ 2020ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನ ಆಯ್ತು. ಗಂಡ ಹೆಂಡತಿ ವ್ಯಾಜ್ಯದ ನಡುವೆ ಮನೆ ಮಾವನಿಂದ ಅತ್ತೆಯ ಹೆಸರಿಗೆ ಹೋಗಿ, ಆಮೇಲೆ ಅತ್ತೆ ಮಾವ ಹಿರಿಯ ನಾಗರಿಕರು ಅಂತ ಅರ್ಜಿ ಹಾಕಿ ಸೊಸೆ ಖಾಲಿ ಮಾಡಲಿ ಅಂದರು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಕೊಟ್ಟ ವಾಸದ ಹಕ್ಕನ್ನು ಹಿರಿಯರ ಕಾಯ್ದೆ ತೋರಿಸಿ ಹೀಗೆ ಅಳಿಸೋಕಾಗಲ್ಲ ಅಂತ ಕೋರ್ಟು ಹೇಳಿತು. ದೂರು ಕೊಡೋ ಮುದುಕರೆಲ್ಲ ಪಾಪದವರು ಅಂತ ತಿಳ್ಕೊಂಡು ಮಾತಾಡಬೇಡಿ ದಯವಿಟ್ಟು.

ಬೇಲಿಹೂ · 6:40

ಹಾಗಂತ ಪಾಪದವರು ಇಲ್ಲ ಅಂತಲೂ ಅಲ್ಲ. 2025ರಲ್ಲಿ ಬೆಳಗಾವಿ ಸರ್ಕಾರಿ ಆಸ್ಪತ್ರೆಯಲ್ಲಿ ವಯಸ್ಸಾದವರನ್ನು ಸೇರಿಸಿ ಬಿಟ್ಟು ಹೋಗ್ತಿದ್ದಾರೆ ಅಂತ ಸುದ್ದಿಯಾಗಿ, ಅಂಥ ಮಕ್ಕಳ ಹೆಸರಿಗೆ ಆದ ಆಸ್ತಿ ವರ್ಗಾವಣೆ ರದ್ದು ಮಾಡಿಸಿ ಅಂತ ಮಂತ್ರಿಗಳೇ ಹೇಳಬೇಕಾಯ್ತು. ಬಿಟ್ಟು ಹೋದರೆ ಮೂರು ತಿಂಗಳು ಜೈಲು ಇಲ್ಲವೇ 5,000 ದಂಡ ಅಂತ ಕಾಯ್ದೆ. ಐದು ಸಾವಿರ! ಹೆಲ್ಮೆಟ್ ದಂಡವನ್ನು ಹತ್ತು ಸಲ ಕಟ್ಟಿದಷ್ಟು.

ನಿರ್ವಾಹಕ · 7:00

ಎರಡು ಕಾಮೆಂಟ್ ತೆಗೆದಿದ್ದೇನೆ. ನಿಮ್ಮ ಸ್ವಂತ ಅತ್ತಿಗೆಯ ಹೆಸರು, ಊರು ಬರೆದು ಬೈಯೋ ಜಾಗ ಇದಲ್ಲ.

ಹಿತ್ತಲಮನೆ · 7:20

ಇಷ್ಟೆಲ್ಲ ಓದಿ ಅಮ್ಮನಿಗೆ ಅರ್ಧಂಬರ್ಧ ಹೇಳಿದೆ. "ಹಾಗಾದ್ರೆ ವಿಲ್ ಬರೀತೀನಿ, ಸತ್ತಮೇಲೆ ತಗೊಳ್ಳಲಿ" ಅಂದಳು. ಅಣ್ಣನಿಗೆ ಅದು ಬೇಡ. ಮನೆ ರಿಪೇರಿಗೆ ಸಾಲ ತಗೋಬೇಕು, ಖಾತೆ ಅವನ ಹೆಸರಲ್ಲಿದ್ದರೆ ಬ್ಯಾಂಕಿನವರು ಕೊಡ್ತಾರಂತೆ. ಅವನ ಮಾತೂ ಸುಳ್ಳಲ್ಲ, ಮಳೆಗಾಲದಲ್ಲಿ ಸೋರುತ್ತೆ. ಷರತ್ತು ಹಾಕಿಸು ಅಂತ ನಾನು ಹೇಳಿದರೆ ಅವನಿಗೆ ನೋವಾಗುತ್ತೆ, ನಾನೇ ಹುಳಿ ಹಿಂಡಿದೆ ಅಂತಾಗುತ್ತೆ.

ಕರಿಕೋಟು · 7:48

ಎರಡರ ನಡುವೆ ಒಂದು ದಾರಿ ಇದೆ. ದಾನ ಈಗಲೇ ಕೊಡಿ, ಜೀವ ಇರೋವರೆಗೂ ವಾಸದ ಹಕ್ಕು, ಸ್ವಾಧೀನ ಅಮ್ಮನೇ ಉಳಿಸಿಕೊಳ್ಳಲಿ. ಹೀಗೆ ಇಟ್ಕೊಂಡರೆ ದಾನ ಕೆಡಲ್ಲ ಅಂತ 2014ರಲ್ಲೇ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಅದರ ಜೊತೆ 'ಅನ್ನ, ಬಟ್ಟೆ, ಔಷಧ ನೋಡಿಕೊಳ್ಳತಕ್ಕದ್ದು, ತಪ್ಪಿದಲ್ಲಿ 2007ರ ಕಾಯ್ದೆಯಂತೆ ರದ್ದುಪಡಿಸಲು ಹಕ್ಕಿರುತ್ತದೆ' ಅಂತ ಎರಡು ಸಾಲು. ಇದು ಅಣ್ಣನ ಮೇಲಿನ ಅನುಮಾನ ಅಲ್ಲ ಅಂತ ಹೇಳಿ. ಅಣ್ಣನಿಗೇ ಏನಾದರೂ ಆಗಿ ಮನೆ ಮೂರನೆಯವರ ಕೈಗೆ ಹೋದರೆ ಬೇಕಾಗುತ್ತೆ. ನಾಗಪಟ್ಟಿಣಂ ತಾಯಿಯ ಕಥೆಯೂ ಅದೇ, ಮಗ ಅವಳಿಗಿಂತ ಮೊದಲೇ ತೀರಿಕೊಂಡಿದ್ದ. ಬ್ಯಾಂಕಿನವರು ಷರತ್ತು ನೋಡಿ ಮೂಗು ಮುರೀಬಹುದು, ಮೊದಲೇ ವಿಚಾರಿಸಿ.

ಹಳೇಛಾಪಾಕಾಗದ · 8:05

ನಾನು ಒಂದು ಉಪಾಯ ಮಾಡ್ತೀನಿ. ಷರತ್ತನ್ನು ಮಕ್ಕಳ ಕೈಲಿ ಹೇಳಿಸಲ್ಲ, ನಾನೂ ಹೇಳಲ್ಲ. 'ಅಮ್ಮಾ, ಈ ಮನೇಲಿ ನಿಮಗೆ ಯಾವುದು ಬಿಟ್ಟಿರೋಕಾಗಲ್ಲ' ಅಂತ ಕೇಳ್ತೀನಿ. ಅವರೇ ಹೇಳ್ತಾರೆ. ಒಬ್ಬರು ದೇವರ ಕೋಣೆ ಅಂದ್ರು, ಒಬ್ಬ ಯಜಮಾನರು ಜಗುಲಿ ಮೇಲಿನ ಮರದ ಕುರ್ಚಿ ಅಂದ್ರು. ಬರೆದುಬಿಡ್ತೀನಿ.

ಹಿತ್ತಲಮನೆ · ಮುಂದಿನ ಶನಿವಾರ ಸಂಜೆ 5:10

ಹೋಗಿ ಬಂದ್ವಿ, ಅಣ್ಣನೂ ಜೊತೆಗಿದ್ದ. ಹಾಸನದವರು ಹೇಳಿಕೊಟ್ಟ ಪ್ರಶ್ನೆಯನ್ನೇ ನಮ್ಮ ಪತ್ರ ಬರೆಯುವವರ ಕೈಲಿ ಕೇಳಿಸಿದೆ.

ಅಮ್ಮ ತಕ್ಷಣ ಹೇಳಿದಳು. ಹಿಂದಿನ ಕೋಣೆ, ಹಿತ್ತಿಲ ಬಾಗಿಲ ಬೀಗದ ಕೈ, ಬಚ್ಚಲ ಒಲೆ. ಗ್ಯಾಸ್ ಗೀಸರ್ ಹಾಕಿಸಿದರೂ ಒಲೆ ಒಡೆಯೋ ಹಾಗಿಲ್ಲ. ಅನ್ನ ಬಟ್ಟೆಯ ಮಾತೇ ಎತ್ತಲಿಲ್ಲ, ಅದನ್ನು ಬರೆಯುವವರೇ ಸೇರಿಸಿದರು. ಅಣ್ಣ ಏನೂ ಮಾತಾಡಲಿಲ್ಲ. ಆಮೇಲೆ "ಒಲೆ ಒಡೀತೀನಿ ಅಂತ ನಾನು ಯಾವಾಗ ಹೇಳಿದೆ?" ಅಂತ ಒಂದು ಸಲ ಕೇಳಿದ. "ನೀ ಹೇಳಲಿಲ್ಲ, ಹೋದ ವರ್ಷ ಗಾರೆಯವನು ಹೇಳಿದ" ಅಂದಳು ಅಮ್ಮ.

'ಪ್ರೀತಿ ವಿಶ್ವಾಸದ ಸಲುವಾಗಿ' ಅನ್ನೋ ಸಾಲು ಹಾಗೇ ಇದೆ, ತೆಗೆಸಲಿಲ್ಲ.

ಈಗ ಹೊಸ ತೊಡಕು. ವಾಸದ ಹಕ್ಕು ಅಂತ ಬರೆದಮೇಲೆ ಆ ಕೋಣೆಗೆ ಬೇರೆ ಚಕ್ಕುಬಂದಿ ಕೊಡಿ ಅಂತ ಕೇಳಿದ್ದಾರೆ. ಪೂರ್ವಕ್ಕೆ ನಡುಮನೆ, ದಕ್ಷಿಣಕ್ಕೆ ಬಚ್ಚಲು, ಉತ್ತರಕ್ಕೆ ಅಣ್ಣನ ಕೋಣೆಯ ಗೋಡೆ. ಪಶ್ಚಿಮಕ್ಕೆ ಅಮ್ಮ ನೆಟ್ಟ ದಾಸವಾಳದ ಸಾಲು ಬಿಟ್ಟರೆ ಏನೂ ಇಲ್ಲ. ಗಿಡವನ್ನು ಚಕ್ಕುಬಂದಿಗೆ ಬರೀಬಹುದಾ, ಹಳೇಛಾಪಾಕಾಗದ ಅವರೇ?

ಹಳೇಛಾಪಾಕಾಗದ · 5:32

ಬರೀಬಹುದು. 'ಪಶ್ಚಿಮಕ್ಕೆ: ದಾಸವಾಳದ ಬೇಲಿ, ಅದರಾಚೆ ಖಾಲಿ ಹಿತ್ತಿಲು' ಅಂತ ಹಾಕಿಸಿ. ಅಳತೆ ಮಾತ್ರ ಗೋಡೆಯಿಂದ ಹಿಡೀಲಿ, ಗಿಡದಿಂದ ಬೇಡ. ಬೆಳೆಯುತ್ತೆ.